ತಿರುವಿನಲ್ಲಿ ಕಂಡ ಕೆಂಪು

ನನ್ನ ಯಜಮಾನರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಗಳಿಕೆ ಎಂದುಕೊಳ್ಳಬೇಡಿ. ಹೊಸ ಬಟ್ಟೆ ಉಟ್ಟು ಹೇಗಿದೆ ಎಂದು ಕೇಳಿದರೆ, ನೀಲಿ ಒಂದು ಪಾಲು ಹೆಚ್ಚಾಯಿತು ಎನ್ನುವ ಗಂಡನೊಂದಿಗೆ ಸಂಸಾರ ಮಾಡಿದವರಿಗೇ ಗೊತ್ತು ಆ ಕಷ್ಟ. ಮುದ್ರಣಾಲಯದಲ್ಲಿ ಶಾಯಿ ಬೆರೆಸುವ ಕೆಲಸದಲ್ಲಿ ಅವರ ಆಯುಷ್ಯ ಕಳೆಯಿತು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆಯೇ ಹೇಳುವ ರೋಗ ಅಲ್ಲಿಂದಲೇ ಹತ್ತಿರಬೇಕು.

ನಿವೃತ್ತರಾದ ಮೇಲೆ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಅಂಗೈಯಗಲದ ಕಾರುಗಳನ್ನು ಮಾಡತೊಡಗಿದರು. ಬೀದಿಯವರು ಅವರಿಗೆ 'ಚಿಕ್ಕ ಗ್ಯಾರೇಜು' ಎಂದು ಹೆಸರಿಟ್ಟರು. ಚಕ್ರ, ಬಾಗಿಲುಗಳನ್ನೆಲ್ಲ ಯಾರು ಬೇಕಾದರೂ ಮಾಡಬಹುದಂತೆ. ಹಿಂದಿನ ಕೆಂಪು ದೀಪದಲ್ಲೇ ಇರುವುದಂತೆ ಕಸುಬು. ಬರೀ ಕೆಂಪು ಬಳಿದರೆ ಅದು ಕಲೆಯಾಗುತ್ತದೆ, ದೀಪವಾಗುವುದಿಲ್ಲ. ಆದ್ದರಿಂದ ಮೊದಲು ತಳಕ್ಕೆ ಬೆಳ್ಳಿಬಣ್ಣ ಹಚ್ಚುತ್ತಾರೆ. ಅದರ ಮೇಲೆ ಉಗುರಿಗಿಂತ ಸಣ್ಣ ಪಾರದರ್ಶಕ ಪ್ಲಾಸ್ಟಿಕ್ ತುಂಡು. ಆ ತುಂಡಿಗೆ ಗಾಜಿನ ಮೇಲೆ ಹಚ್ಚುವಂಥ ತೆಳು ಕೆಂಪನ್ನು ಒಂದು ಪದರ ಹಚ್ಚಿ, ಒಣಗಲು ಬಿಟ್ಟು, ಮತ್ತೊಂದು ಪದರ ಹಚ್ಚುತ್ತಾರೆ. ಕೆಂಪೂ ಕಾಣಬೇಕು, ಕೆಂಪಿನ ಆಚೆಯ ಬೆಳ್ಳಿಯೂ ಕಾಣಬೇಕು. ಆರಿದ ದೀಪವಾದರೆ ಕೆಂಪು ದಟ್ಟವಾಗಬೇಕು. ಉರಿಯುವ ದೀಪವಾದರೆ ಕೆಂಪು ತೆಳುವಾಗಿ, ನಡುವೆ ಬಲ್ಬಿನ ಜಾಗದಲ್ಲಿ ಚೂರು ಕಿತ್ತಳೆ ಬೀಳಬೇಕು. ಒಂದು ಪದರ ಹೆಚ್ಚಾದರೆ ಮುಗಿಯಿತು, ಹಚ್ಚಿದ್ದನ್ನು ತೆಗೆಯಲಾಗದು. ಇದನ್ನೆಲ್ಲ ನನಗೆ ಊಟದ ಹೊತ್ತಿನಲ್ಲಿ ಹೇಳಿ ಹೇಳಿ ತಲೆ ತಿಂದಿದ್ದಾರೆ.

ನಮ್ಮ ಜೊತೆ ಇವರ ಅಕ್ಕ, ಎಂದರೆ ನನ್ನ ಅತ್ತಿಗೆ, ಇದ್ದಾರೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಇದ್ದವನು ಒಬ್ಬನೇ ಮಗ. ಒಂದು ಸಂಜೆ ತಾಯಿ ಮಗನಿಗೆ ಮಾತಿಗೆ ಮಾತು ಬೆಳೆಯಿತು. ಕಾರಣ ಈಗ ಯಾರಿಗೂ ನೆನಪಿಲ್ಲದಷ್ಟು ಸಣ್ಣದು. ಅತ್ತಿಗೆ ಸಿಟ್ಟಿನಲ್ಲಿ, ಮತ್ತೆ ಮುಖ ತೋರಿಸಬೇಡ ಎಂದುಬಿಟ್ಟರು. ಅವನು ಮಾವ, ಎಂದರೆ ನಮ್ಮ ಯಜಮಾನರು, ಕೊಟ್ಟಿದ್ದ ಹಳೆಯ ಕಾರು ಹತ್ತಿ ಹೋದ. ಹೋದವನು ಹೋದ. ಪೊಲೀಸರಿಗೆ ದೂರು ಕೊಟ್ಟಿದ್ದಾಯಿತು, ಆಸ್ಪತ್ರೆಗಳನ್ನು ಸುತ್ತಿದ್ದಾಯಿತು, ಕಾರೂ ಸಿಗಲಿಲ್ಲ, ಅವನೂ ಸಿಗಲಿಲ್ಲ.

ಅತ್ತಿಗೆ ಇಷ್ಟು ವರ್ಷ ಬದುಕಿದ್ದು ಒಂದೇ ಒಂದು ನೋಟದ ಮೇಲೆ. ಬೀದಿಯ ತಿರುವಿನಲ್ಲಿ ಆ ಕಾರಿನ ಹಿಂದಿನ ದೀಪಗಳು ಕೆಂಪಗೆ ಉರಿದವಂತೆ. "ಬ್ರೇಕ್ ಹಾಕಿದ್ದ, ವಾಪಸ್ ಬರೋಣ ಅಂತ ಒಂದು ಗಳಿಗೆ ಯೋಚನೆ ಮಾಡಿದ್ದ" ಎಂದು ಹಾಲಿನವನಿಂದ ಹಿಡಿದು ಮೀಟರ್ ನೋಡಲು ಬಂದವನವರೆಗೆ ಎಲ್ಲರಿಗೂ ಹೇಳುತ್ತಿದ್ದರು. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ. ನಾವೂ ತಲೆಯಾಡಿಸುತ್ತಿದ್ದೆವು.

ಕಳೆದ ವರ್ಷ ಅತ್ತಿಗೆ ತಮ್ಮನ ಮೇಜಿನ ಬಳಿ ಬಂದು, ಆ ಕಾರನ್ನು ಮಾಡಿಕೊಡು, ತಿರುವಿನಲ್ಲಿ ಕಂಡ ಹಾಗೇ ಇರಬೇಕು ಎಂದರು. ಅಕ್ಕ ಏನನ್ನೂ ಕೇಳಿದವರಲ್ಲ. ಇವರಿಗೆ ಹಿಗ್ಗೋ ಹಿಗ್ಗು. ಕಾರು ಬೇಗನೆ ಸಿದ್ಧವಾಯಿತು, ಹಿಂದಿನ ಬಂಪರಿನ ತಗ್ಗಿನ ಸಮೇತ. ದೀಪ ಮಾತ್ರ ಸರಿಹೋಗಲಿಲ್ಲ. ಇವರು ಹಚ್ಚಿ ತೋರಿಸುವುದು, ಅತ್ತಿಗೆ ಕಿಟಕಿಯ ಬೆಳಕಿಗೆ ಹಿಡಿದು, ಇಷ್ಟು ಮಂಕಲ್ಲ ಎನ್ನುವುದು. ಆ ತುಂಡನ್ನು ಬಿಸಾಡಿ ಹೊಸದಕ್ಕೆ ಹಚ್ಚಿದರೆ, ಇಷ್ಟು ಉರಿಯಲ್ಲ ಎನ್ನುವುದು. ನಾನು ಒಳಗಿನಿಂದ, ಅಕ್ಕ ತಮ್ಮ ಸೇರಿ ಮನೆಯನ್ನೆಲ್ಲ ಕೆಂಪು ಮಾಡಿ ಎಂದು ಗೊಣಗುತ್ತಿದ್ದೆ. ನಿಜ ಹೇಳಬೇಕೆಂದರೆ ಅತ್ತಿಗೆಯ ಮುಖದಲ್ಲಿ ಅಷ್ಟು ಗೆಲುವನ್ನು ನಾನು ನೋಡಿದ್ದು ಆ ದಿನಗಳಲ್ಲೇ.

ಕೊನೆಗೊಂದು ದಿನ ಇವರು ಕುಂಚ ಕೆಳಗಿಟ್ಟು ಅಕ್ಕನನ್ನು ಎದುರಿಗೆ ಕೂರಿಸಿಕೊಂಡರು. ಗೇಟಿನಿಂದ ಹೊರಟಾಗ ದೀಪ ಹೇಗಿತ್ತು, ತಿರುವಿನಲ್ಲಿ ಎಷ್ಟು ಹೆಚ್ಚಾಯಿತು ಎಂದು ಕೇಳಿದರು. ಆ ವ್ಯತ್ಯಾಸ ತಿಳಿದರೆ ಎಷ್ಟು ಪದರ ಎಂಬುದು ಗೊತ್ತಾಗುತ್ತದೆ ಎಂಬ ಲೆಕ್ಕ ಇವರದು. ಅತ್ತಿಗೆ ಕಣ್ಣು ಮುಚ್ಚಿಕೊಂಡರು. "ಹೆಚ್ಚೇನೂ ಆಗ್ಲಿಲ್ಲ ಕಣೋ. ಗೇಟಿಂದ ತಿರುವಿನವರೆಗೂ ಒಂದೇ ಸಮ ಉರೀತಿತ್ತು" ಎಂದರು.

"ಅದೇ ಮತ್ತೆ! ಬ್ರೇಕ್ ಪೆಡಲ್ ಕೆಳಗಿನ ಸ್ವಿಚ್ ಅಂಟ್ಕೊಂಡಿತ್ತು ಅಕ್ಕಾ, ನಾನು ಓಡಿಸುವಾಗಿಂದ್ಲೂ. ಬ್ರೇಕ್ ತುಳೀಲಿ ಬಿಡ್ಲಿ, ದೀಪ ಉರೀತಾನೇ ಇರೋದು. ಬ್ಯಾಟರಿ ಖಾಲಿ ಆಗ್ಬಾರ್ದು ಅಂತ ರಾತ್ರಿ ಅದರ ವೈರ್ ಕಿತ್ತಿಡ್ತಿದ್ದೆ, ಮರೆತೇಬಿಟ್ಟಿದ್ದೆ ನೋಡು."

ಬಿಡಿಸಲಾಗದ ಒಗಟು ಬಿಡಿಸಿದ ಖುಷಿ ಅವರ ಮುಖದಲ್ಲಿತ್ತು. ಆಮೇಲೆ ಅದು ನಿಧಾನವಾಗಿ ಇಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತಿಗೆ ಅಳಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಒಣಗಿದ ಬಟ್ಟೆ ತರುತ್ತೇನೆಂದು ಹಿತ್ತಿಲಿಗೆ ಹೋದರು. ತಂತಿಯ ಮೇಲೆ ಬಟ್ಟೆಯೇ ಇರಲಿಲ್ಲ.

ನಾನು ಇವರಿಗೆ ಬಾಯಿಗೆ ಬಂದಂತೆ ಬೈದೆ. ನಿಮ್ಮ ಬಣ್ಣಕ್ಕೆ ಬೆಂಕಿ ಹಾಕ, ಆ ಮುದುಕಿಗೆ ಇದ್ದದ್ದು ಅದೊಂದೇ ಅಲ್ಲವೇ ಎಂದೆ. ಸ್ವಿಚ್ ರಿಪೇರಿ ಮಾಡಿಸಿಯೇ ಕೊಟ್ಟಿದ್ದೆ ಎಂದಾದರೂ ಹೇಳಿ ಎಂದು ಗೋಗರೆದೆ. ಅವರು ತಲೆ ತಗ್ಗಿಸಿ ಕೂತಿದ್ದರು. ಅವತ್ತು ಅವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮಾರನೆಯ ದಿನದಿಂದ ಅವರು ಮೇಜು ಬಿಟ್ಟು ಏಳಲಿಲ್ಲ. ಆಮೇಲೊಂದು ದಿನ ಅಕ್ಕನ ಕೋಣೆಗೆ ಹೋಗಿ ಕಾರನ್ನು ಹಾಸಿಗೆಯ ಮೇಲಿಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ. ದೀಪಗಳು ದಟ್ಟ ಕೆಂಪಾಗಿದ್ದವು, ಬ್ರೇಕ್ ತುಳಿಯದ ಕಾರಿನವು. ಸ್ವಿಚ್ ಸರಿ ಮಾಡಿಸಿದ್ದೆ, ಈಗ ನೆನಪಾಯಿತು, ಗೇಟಿನಲ್ಲಿ ದೀಪ ಹೀಗೇ ಆರಿದ್ದಿರಬೇಕು, ತಿರುವಿನಲ್ಲಿ ನಿನಗೆ ಕಂಡದ್ದು ಬ್ರೇಕೇ ಎಂದು ಗೋಡೆ ನೋಡುತ್ತ ಹೇಳಿದರು. ಕಿವಿಯವರೆಗೂ ಬೆವರಿದ್ದರು.

ಅತ್ತಿಗೆ ಕಾರನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ನಮ್ಮ ಕಾರಲ್ಲ ಕಣೋ" ಎಂದರು. "ಅವನು ನಿಲ್ಲಿಸ್ಲೇ ಇಲ್ಲ, ಅಲ್ವಾ?"

ಇವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅಕ್ಕನ ಪಾದ ಹಿಡಿದುಕೊಂಡು, "ಗೊತ್ತಿಲ್ಲ ಅಕ್ಕಾ, ದೀಪ ನೋಡಿ ಹೇಳಕ್ಕಾಗಲ್ಲ" ಎಂದರು. ಅತ್ತಿಗೆ ತಮ್ಮನ ತಲೆ ಸವರಿ, ಹೋಗು, ಹೋಗಿ ಊಟ ಮಾಡು ಎಂದರು. ಆ ಕಾರನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಮೊನ್ನೆ ಮಹಡಿಯ ಮನೆಗೆ ಹೊಸ ಬಾಡಿಗೆಯವರು ಬಂದರು. ಆ ಹುಡುಗಿ ಮೆಟ್ಟಿಲ ಮೇಲೆ ಅತ್ತಿಗೆಯ ಪಕ್ಕ ಕೂತು ಅದೂ ಇದೂ ಮಾತಾಡುತ್ತ, ನಿಮಗೆ ಎಷ್ಟು ಜನ ಮಕ್ಕಳು ಎಂದು ಕೇಳಿದಳು. ಕೈಯಲ್ಲಿದ್ದ ಕೆಲಸ ಬಿಟ್ಟು ನಾನು ಬಾಗಿಲಿಗೆ ಬಂದೆ. ತಿರುವಿನ ಕಥೆ ಶುರುವಾದೀತು, ಹೇಗಾದರೂ ಶುರುವಾಗಲಿ ಎಂದು ಕಾದೆ.

"ಮಕ್ಕಳಾಗ್ಲಿಲ್ಲ ಕಣಮ್ಮಾ" ಎಂದರು ಅತ್ತಿಗೆ.