ಎಂಪಿಯವರು ಎದ್ದು ಹೊರಗೆ ಹೋದದ್ದು

ಕಳೆದ ತಿಂಗಳು ಬಾಳೂರಿನ ನಮ್ಮ ಬೆಳೆಗಾರರ ಸೊಸೈಟಿಯ ಸಭೆಗೆ ಹೋದಾಗ, ಹಿತ್ತಲ ಬೇಲಿಯ ಪಕ್ಕ ಒಂದು ಉದ್ದನೆಯ ಬೆಂಚು ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು. ಒಂದು ಕಾಲಿಗೆ ಗೆದ್ದಲು ಹಿಡಿದಿತ್ತು. "ಜಗಲಿಗೆ ಟೈಲ್ಸ್ ಹಾಕ್ಸಿದ್ವಲ್ಲ ಅಕ್ಕ, ಇದು ಚೆಂದ ಕಾಣ್ಲಿಲ್ಲ. ಸೌದೆಗೆ ಬೇಕಾದ್ರೆ ತಗೊಂಡ್ಹೋಗಿ" ಅಂದ ಈಗಿನ ಕಾರ್ಯದರ್ಶಿ. ನನಗೆ ಸಿಟ್ಟೇ ಬಂತು. ಒಬ್ಬ ಪಾರ್ಲಿಮೆಂಟ್ ಸದಸ್ಯರನ್ನು ತಯಾರು ಮಾಡಿದ ಬೆಂಚದು. ಅವರನ್ನು ವಾಪಸ್ ಮನೆಗೆ ಕಳಿಸಿದ್ದೂ ಅದೇ.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಅವರಿನ್ನೂ ಎಂಪಿ ಆಗಿರಲಿಲ್ಲ, ಸೊಸೈಟಿಯ ಅಧ್ಯಕ್ಷರಾಗಿದ್ದರು. ಅವರ ತೋಟಕ್ಕೂ ನಮ್ಮ ತೋಟಕ್ಕೂ ನಡುವೆ ಒಂದು ಬೇಲಿ, ಬೇಲಿಗೆ ಒತ್ತಿಕೊಂಡು ಒಂದು ಹಲಸಿನ ಮರ. ನನ್ನ ಮಾವನಿಗೂ ಅವರಿಗೂ ಚಡ್ಡಿ ಹಾಕುವ ಕಾಲದ ಗೆಳೆತನ. ಸಂಜೆ ನಮ್ಮ ಜಗಲಿಗೆ ಬಂದು, "ನಮ್ಮನೆ ಕಾಫಿ ಇದಕ್ಕಿಂತ ಚೆನ್ನಾಗಿರ್ತದೆ" ಎನ್ನುತ್ತಲೇ ಇನ್ನೊಂದು ಲೋಟಕ್ಕೆ ಕೈ ಚಾಚುತ್ತಿದ್ದರು.

ಸೊಸೈಟಿಯಲ್ಲಿ ಆಗ ಒಂದು ಕಟ್ಟಳೆ ಇತ್ತು. ಸಭೆಯಲ್ಲಿ ಯಾರದ್ದಾದರೂ ಸ್ವಂತ ವಿಷಯ ಬಂದರೆ, ಅವರ ಜೀಪಿಗೆ ಬಾಡಿಗೆ ಕೊಡುವುದೋ, ಕಾಫಿ ಒಣಗಿಸಲು ಅವರ ಕಣ ಗೊತ್ತು ಮಾಡುವುದೋ, ಅವರು ತಾವಾಗಿ ಎದ್ದು ಹೊರಗೆ ಹೋಗಿ ಜಗಲಿಯ ಬೆಂಚಿನ ಮೇಲೆ ಕೂರಬೇಕು. ಒಳಗೆ ತೀರ್ಮಾನವಾದ ಮೇಲೆ ಅಧ್ಯಕ್ಷರು "ಬನ್ನಿ ಒಳಗೆ" ಎಂದು ಕರೆಯಬೇಕು. ಒಮ್ಮೆ ಎಲ್ಲರ ತೋಟಗಳಿಗೂ ಹೋಗುವ ರಸ್ತೆಯ ವಿಷಯ ಬಂದು ಎಲ್ಲರೂ ಎದ್ದು ಹೊರಗೆ ಬಂದರಂತೆ. ಒಳಗೆ ಉಳಿದದ್ದು ಟೀ ಕೊಡಲು ಬಂದಿದ್ದ ಹೋಟೆಲಿನವನು ಮಾತ್ರ. ಕೊನೆಗೆ ಅವನೇ ಬಾಗಿಲಿಗೆ ಬಂದು, "ರಸ್ತೆ ಮಾಡ್ಸಿ ಮಾರಾಯ್ರೇ, ಬನ್ನಿ ಒಳಗೆ, ಟೀ ಆರ್ತದೆ" ಅಂದನಂತೆ. ಆ ರಸ್ತೆಯಲ್ಲೇ ನಾವು ಈಗಲೂ ಓಡಾಡುತ್ತಿರುವುದು.

ಅವರಿಗೆ ಟಿಕೆಟ್ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಪಕ್ಷದ ಇಬ್ಬರು ದೊಡ್ಡವರು ಜಗಳವಾಡಿದರು, ಇಬ್ಬರ ಜಗಳ ಮೂರನೆಯವರಿಗೆ ಲಾಭವಾಯಿತು. ಮಾವ ದೇವರಮನೆ ಗುಡ್ಡದ ಕಡೆಯ ಹಳ್ಳಿಗಳಿಗೆಲ್ಲ ಜೀಪು ಹತ್ತಿಸಿ, "ಕಾಫಿಯವ್ರ ಕಷ್ಟ ಹೇಳೋಕೆ ನಮ್ಮವನೊಬ್ಬ ದಿಲ್ಲೀಲಿ ಬೇಕು" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಗೆದ್ದ ಸುದ್ದಿ ಬಂದ ದಿನ ಮಾವನಿಗೆ ಸಂತೋಷವನ್ನು ಹೇಳಲು ಸ್ವರವೇ ಇರಲಿಲ್ಲ.

ದಿಲ್ಲಿಯಲ್ಲಿ ನಮ್ಮ ಎಂಪಿಯವರು ಮೊದಲು ಎದ್ದು ಮಾತಾಡಿದ್ದು ಮಂಗಗಳ ಬಗ್ಗೆ. ಚುನಾವಣೆ ಬಂತೆಂದರೆ ನಮ್ಮ ಕಡೆ ತೋಟದವರೆಲ್ಲ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಅದು ಮಂಗಗಳಿಗೆ ಹೇಗೋ ಗೊತ್ತಾಗಿ ಬಾಳೆಗೊನೆ, ಏಲಕ್ಕಿ ಒಂದೂ ಉಳಿಯುವುದಿಲ್ಲ ಎಂದು ಹೇಳಿದರಂತೆ. ಸಭೆಯೆಲ್ಲ ನಕ್ಕಿತಂತೆ. ನಕ್ಕಿದ್ದನ್ನು ಒಪ್ಪಿಗೆ ಎಂದುಕೊಂಡು ಖುಷಿಯಲ್ಲಿ ಊರಿಗೆ ಬಂದಿದ್ದರು, ಪಾಪ…

ಆಮೇಲೆ ಕಾಫಿ ದರ ಬಿತ್ತು. ಬೆಳೆಗಾರರ ಮೇಲಿನ ಕೇಂದ್ರದ ತೆರಿಗೆ ಇಳಿಸಬೇಕೆಂಬ ಮಾತು ಕೊನೆಗೂ ಪಾರ್ಲಿಮೆಂಟಿನಲ್ಲಿ ಓಟಿಗೆ ಬಂತು. ಕೊಟ್ಟಿಗೆಹಾರದ ಹೋಟೆಲುಗಳಲ್ಲೆಲ್ಲ ಅದೇ ಚರ್ಚೆ. ಮರುದಿನ ಪತ್ರಿಕೆ ನೋಡಿದರೆ, ತೆರಿಗೆ ಇಳಿಯಲಿಲ್ಲ, ನಮ್ಮ ಎಂಪಿಯವರು ಓಟೇ ಹಾಕಿರಲಿಲ್ಲ. ನಿದ್ದೆ ಹೋಗಿರಬೇಕು ಎಂದರು ಕೆಲವರು. ಯಾರೋ ಕೊಂಡುಕೊಂಡಿದ್ದಾರೆ ಎಂದರು ಇನ್ನು ಕೆಲವರು. ಮಾವ ಎರಡನ್ನೂ ನಂಬಲಿಲ್ಲ. ಎಂಪಿಯವರು ಊರಿಗೆ ಬರುವುದನ್ನೇ ಕಾದರು.

ಬಂದವರು ಎಂದಿನಂತೆ ನಮ್ಮ ಜಗಲಿಗೇ ಬಂದರು. ದಿಲ್ಲಿ ಚಳಿಗೆಂದು ಹೊಲಿಸಿದ ಕೋಟು ಇಲ್ಲೂ ಮೈಮೇಲಿತ್ತು.

"ಏನು ಎಂಪಿ ಸಾಹೇಬ್ರೇ, ಓಟಿನ ಹೊತ್ತಲ್ಲಿ ಕ್ಯಾಂಟೀನಲ್ಲಿದ್ರಾ?" ಅಂದರು ಮಾವ. ಆ ಗೆಳೆಯನಿಗೆ ಮಾವ ಬಹುವಚನ ಹಚ್ಚಿದ್ದನ್ನು ಕೇಳಿ ನನಗೇ ಗಾಬರಿಯಾಯಿತು.

"ಎಂತ ಕ್ಯಾಂಟೀನು ಮಾರಾಯ! ಎದ್ದು ಹೊರಗೆ ಹೋಗಿದ್ದೆ. ನಂದೂ ಕಾಫಿ ತೋಟ ಅಲ್ವಾ? ನನ್ನ ತೆರಿಗೆ ನಾನೇ ಕೈಯೆತ್ತಿ ಇಳಿಸ್ಕೊಂಡ್ರೆ ಅದೆಂಥ ನ್ಯಾಯ?"

"ನಿಮ್ಮನ್ನ ಕಳಿಸಿದ್ದೇ ಕೈಯೆತ್ತೋಕೆ" ಅಂದರು ಮಾವ.

"ಕಟ್ಟಳೆ ಅಂದ್ರೆ ಕಟ್ಟಳೆ. ಆದ್ರೆ ಒಂದು ಮಾತು… ಅಲ್ಲಿ ಹೊರಗೆ ಬೆಂಚೇ ಇರ್ಲಿಲ್ಲ. ನಿಂತೇ ಇದ್ದೆ. ಒಳಗೆ ಬನ್ನಿ ಅಂತ ಯಾರೂ ಕರೀಲೂ ಇಲ್ಲ ಮಾರಾಯ."

ಮಾವ ಲೋಟ ಕೆಳಗಿಟ್ಟು ಒಳಗೆ ಎದ್ದು ಹೋದರು. ಅಂದಿನಿಂದ ಮಾತು ಬಂದ್. ಎಂಪಿಯವರು ಸಂಜೆ ಬೇಲಿಯ ತನಕ ಬಂದು, ಹಲಸಿನ ಕಾಯಿ ಎಷ್ಟು ಬಲಿತಿದೆ ಎಂದು ತಟ್ಟಿ ನೋಡುವವರಂತೆ ನಿಂತು, ವಾಪಸ್ ಹೋಗುತ್ತಿದ್ದರು. ಕಾಯಿ ಬಿಡದ ಕಾಲದಲ್ಲೂ ಬಂದು ಮರವನ್ನೇ ತಟ್ಟುತ್ತಿದ್ದರು. ಒಳಗಿನ ಕಿಟಕಿಯಿಂದ ಮಾವ ಅದನ್ನು ನೋಡುತ್ತಿದ್ದರು. ಇಬ್ಬರು ಮುದುಕರ ಹಟ ನೋಡಿ ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಮುಂದಿನ ಚುನಾವಣೆಗೆ ಹೊಸ ನಿಯಮ ಬಂತು. ನಿಲ್ಲುವವರು ತಮ್ಮ ಆಸ್ತಿಯನ್ನೆಲ್ಲ ಬರೆದು ಕೊಡಬೇಕು. ಉಳಿದವರು ಏನೇನು ಬಿಡಬಹುದು ಎಂದು ವಕೀಲರನ್ನು ಕೇಳಿದರೆ, ನಮ್ಮವರು ಏನೂ ಬಿಟ್ಟಿಲ್ಲ ತಾನೆ ಎಂದು ಕೇಳಿ ವಕೀಲರ ತಲೆ ತಿಂದರಂತೆ. ಆ ವಿವರ ಪತ್ರಿಕೆಯಲ್ಲಿ ಬಂದಾಗ ಮಾವ ಕನ್ನಡಕ ಹಾಕಿಕೊಂಡು, ಬೈಯುವ ಉತ್ಸಾಹದಲ್ಲೇ ಗಟ್ಟಿಯಾಗಿ ಓದತೊಡಗಿದರು. ತೋಟ, ಜೀಪು, ಹೆಂಡತಿಯ ಒಡವೆ. ಕೋವಿ ಒಂದು, ಸದ್ಯ ಠಾಣೆಯಲ್ಲಿದೆ. ಬೇಲಿಯ ಹಲಸಿನ ಮರದಲ್ಲಿ ಅರ್ಧ ಪಾಲು…

ಮಾವನ ಓದು ಅಲ್ಲಿಗೇ ನಿಂತಿತು. "ಬುಡ ಪೂರ್ತಿ ಅವ್ನ ಜಾಗದಲ್ಲೇ ಇರೋದು! ಹಣ್ಣು ನಾವೂ ತಿಂತೀವಿ ಅಂತ ಅರ್ಧ ನಮಗೆ ಬಿಟ್ಟಿದ್ದಾನಲ್ಲ, ಪೆದ್ದ!" ಎಂದು ನಗತೊಡಗಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಆ ಸಂಜೆ ತಾವೇ ಬೇಲಿಗೆ ಹೋಗಿ, "ಏಯ್, ಕಾಫಿ ಆರ್ತದೆ, ಬಾರೋ ಒಳಗೆ" ಎಂದು ಕೂಗಿದರು. ಏಕವಚನ ಕೇಳಿದ್ದೇ ಎಂಪಿಯವರು ಗೇಟಿನ ಕಡೆ ಸುತ್ತಿ ಬರುವ ಪುರುಸೊತ್ತಿಲ್ಲದೆ ಬೇಲಿಯನ್ನೇ ನುಸುಳಿ ಬಂದರು, ಕೋಟಿನ ತೋಳು ಹರಿದುಕೊಂಡು.

ಚುನಾವಣೆಯಲ್ಲಿ ಹೀನಾಯವಾಗಿ ಸೋತರು. ಕಾಫಿಯವರೇ ಓಟು ಹಾಕಲಿಲ್ಲ. ಅವರು ಬೇಸರಪಟ್ಟದ್ದನ್ನು ನಾನು ನೋಡಲಿಲ್ಲ, ಅವರಿಗೆ ನಮ್ಮ ಜಗಲಿ ವಾಪಸ್ ಸಿಕ್ಕಿತ್ತು. ಆಮೇಲೆ ಮಾವ ಹೋದರು, ಅದಾಗಿ ಸ್ವಲ್ಪ ಕಾಲಕ್ಕೆ ಅವರೂ ಹೋದರು. ಹಲಸಿನ ಮರ ಈಗಲೂ ಕಾಯಿ ಬಿಡುತ್ತದೆ, ತಟ್ಟಿ ನೋಡುವವರಿಲ್ಲ.

ಕಳೆದ ತಿಂಗಳ ಆ ಸಭೆಯಲ್ಲಿ, ಸೊಸೈಟಿಯ ಕಣವನ್ನು ನನ್ನ ತಮ್ಮನಿಗೆ ಬಾಡಿಗೆ ಕೊಡುವ ವಿಷಯ ಬಂತು. ನಾನೀಗ ಅಲ್ಲಿ ನಿರ್ದೇಶಕಿ. ಹಳೆಯ ಕಟ್ಟಳೆಯಂತೆ ಎದ್ದು ಹೊರಗೆ ಹೋದೆ. ಜಗಲಿಯಲ್ಲಿ ಟೈಲ್ಸ್ ಹೊಳೆಯುತ್ತಿತ್ತು, ಕೂರಲು ಜಾಗವಿರಲಿಲ್ಲ. ಹಿತ್ತಲಿಗೆ ಹೋಗಿ ಬೆಂಚನ್ನು ನೆಟ್ಟಗೆ ಮಾಡಿ, ಗೆದ್ದಲು ಹಿಡಿದ ಕಾಲಿಗೆ ಕಲ್ಲು ಕೊಟ್ಟು ಕೂತೆ. ಯಾರಾದರೂ ಕರೆಯುತ್ತಾರೆಂದು ಕಾದೆ. ಒಳಗೆ ವಿಷಯ ಮುಗಿದು, ಮುಂದಿನದ್ದೂ ಮುಗಿದು, ಕುರ್ಚಿ ಸರಿಸುವ ಸದ್ದು ಕೇಳಿತು. ದಿಲ್ಲಿಯ ವರಾಂಡದಲ್ಲಿ ಒಬ್ಬರೇ ನಿಂತಿದ್ದ ಅವರ ನೆನಪಾಯಿತು.

ಕಾರ್ಯದರ್ಶಿ ಹುಡುಕಿಕೊಂಡು ಬಂದ. "ಇಲ್ಲಿದ್ದೀರಾ ಅಕ್ಕ? ಅಷ್ಟೊತ್ತು ಯಾರ್ದು ಫೋನು?"

"ನಮ್ಮ ಎಂಪಿಯವ್ರದ್ದು" ಅಂದೆ.