ಗಿರಿಜಾ ಅಕ್ಕೋರ ಎರಡು ಪಂಚಮಿ

೧೯೬೧ರಲ್ಲಿ ನಾನು ಸಿಂದಗಿ ತಾಲೂಕಿನಲ್ಲಿ, ಯಂಕಂಚಿ ಕಡೆಯ ಒಂದು ಸಣ್ಣ ಊರಿನ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನಗಳ ಹೆರಿಗೆ, ಗಾಯ, ಜ್ವರ ಎಲ್ಲವೂ ನನ್ನ ಪಾಲು. ನನ್ನ ತವರು ಇಂಡಿ. ಗಂಡ ತೀರಿಕೊಂಡ ಮೇಲೆ ದವಾಖಾನೆಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದೆ.

ನಾಗರಪಂಚಮಿಯ ಮರುದಿನ ಊರ ಶಾಲೆಯಲ್ಲಿ ಕಲಿಸುವ ಗಿರಿಜಾ ಅಕ್ಕೋರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಹೊಟ್ಟೆ ಬಿಗಿದುಕೊಂಡಿತ್ತು, ಉಸಿರಾಡಲು ಕಷ್ಟಪಡುತ್ತಿದ್ದರು. ಜ್ವರವಿರಲಿಲ್ಲ. ಏನು ತಿಂದಿರಿ ಎಂದು ಕೇಳಿದೆ. ನೆಲ ನೋಡಿದರು.

“ಉಂಡಿ ತಿಂದೇನ್ರಿ ಬಾಯಾರ. ಇಪ್ಪತ್ತಮೂರು. ಬಾಗಲಾ ಹಾಕ್ಕೊಂಡು.”

ಪಂಚಮಿ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಊರ ತುಂಬ ಜೋಕಾಲಿ, ನಗು. ಅಕ್ಕೋರಿಗೆ ತಂದೆ ಮೊದಲೇ ಇರಲಿಲ್ಲ, ತಾಯಿ ಹೋಗಿ ಮೂರು ವರ್ಷ, ಅಣ್ಣತಮ್ಮಂದಿರಿಲ್ಲ. ಶಾಲೆಯ ಮಕ್ಕಳ ಮನೆಗಳಿಂದ ಪ್ರೀತಿಯಿಂದ ಬಂದ ಶೇಂಗಾ ಉಂಡಿ, ಎಳ್ಳುಂಡಿಗಳ ಡಬ್ಬಿಗಳ ನಡುವೆ ಅವರೊಬ್ಬರೇ. ಶಾಲೆಗೆ ರಜೆ ಬಂದಾಗಲೆಲ್ಲ ಹೀಗೇ ಆಗುತ್ತಿತ್ತಂತೆ. ಹಸಿವಿಲ್ಲದಿದ್ದರೂ ಕೈ ನಿಲ್ಲದ ಈ ಸ್ಥಿತಿಯನ್ನು ಈಗ ‘ಕಂಪಲ್ಸಿವ್ ಈಟಿಂಗ್’ ಎನ್ನುತ್ತಾರೆ. ಆಗ ನಮಗೆ ಆ ಹೆಸರು ಗೊತ್ತಿರಲಿಲ್ಲ. ಡಾಕ್ಟರು ಹೊಟ್ಟೆಗೆ ಮಿಕ್ಸ್ಚರ್ ಔಷಧ ಬರೆದು, ಕಡಿಮೆ ತಿನ್ನಿರೆಂದು ಹೇಳಿ ಹೋದರು.

“ಉಳದದ್ದಕ್ಕ ನನ್ನ ಕಡೆ ಔಷಧ ಇಲ್ರಿ,” ಎಂದೆ. “ಸಂಜೀಕ ಇಲ್ಲೇ ಬಂದು ಉಣ್ರಿ. ಒಬ್ರ ಕೂಡಬ್ಯಾಡ್ರಿ.”

ಆಗಿನ ಕಾಲ ಅದು, ಲಿಂಗಾಯತರ ಅಕ್ಕೋರು ಮುಸ್ಲಿಮಳಾದ ನನ್ನ ಕೈಯ ಅಡುಗೆ ಉಣ್ಣುವಂತಿರಲಿಲ್ಲ. ಅವರು ತಮ್ಮ ಬುತ್ತಿ ತರುತ್ತಿದ್ದರು, ನಾನು ನನ್ನ ರೊಟ್ಟಿ ಉಣ್ಣುತ್ತಿದ್ದೆ. ದವಾಖಾನೆ ಮುಂದಿನ ಬೇವಿನ ಕಟ್ಟೆಯ ಮೇಲೆ ಎದುರುಬದುರು ಕೂಡುತ್ತಿದ್ದೆವು. ಮಾತು ಕಡಿಮೆ. ಒಂದು ಸಂಜೆ ನಾನು ನಮಾಜು ಮುಗಿಸಿ ಬಂದಾಗ ಕೇಳಿದರು, “ನಮಾಜಿಗೆ ಕುಂತಾಗ ನಿಮ್ಮ ಮನಸ್ಸು ಎಲ್ಲಿರತೈತ್ರಿ?”

“ಅರ್ಧಾ ದವಾಖಾನ್ಯಾಗ ಇರತೈತಿ. ಆದ್ರೂ ಕೂಡ್ತೇನಿ.”

ಅವರು ತಮ್ಮ ಮಾತು ತೆಗೆದರು. ತಾಯಿ ಹೋದಂದಿನಿಂದ ಲಿಂಗಪೂಜೆ ಬಿಟ್ಟಿದ್ದರಂತೆ. ಮನಸ್ಸು ನಿಲ್ಲದಿದ್ದರೆ ಪೂಜೆ ಸಲ್ಲದು ಎಂದುಕೊಂಡಿದ್ದರು. ಮರುದಿನದಿಂದ ಮತ್ತೆ ಪೂಜೆಗೆ ಕೂತರು.

ಎಲ್ಲ ಸರಿಹೋಯಿತು ಎನ್ನಲಾರೆ. ದೀಪಾವಳಿಯಲ್ಲಿ ನಾಲ್ಕು ದಿನ ಅವರ ಸುಳಿವಿರಲಿಲ್ಲ. ಹೋಗಿ ನೋಡಿದರೆ ಸುತ್ತ ಖಾಲಿ ಡಬ್ಬಿಗಳು, ಮುಖ ಬಾತಿತ್ತು, ನನ್ನ ಮುಂದೆ ಕೂಡಲೂ ನಾಚಿಕೆ. “ನಾಳಿ ಬರ್ರಿ,” ಎಂದಷ್ಟೇ ಹೇಳಿ ಬಂದೆ. ಬಂದರು.

ಮರುವರ್ಷದ ಪಂಚಮಿಯ ಬೆಳಿಗ್ಗೆ ಉಂಡಿಯ ಡಬ್ಬಿ ಹಿಡಿದೇ ಬಂದರು. “ಮನ್ಯಾಗ ಇದರ ಜೊತಿ ಒಬ್ಬಾಕಿ ಇರಾಕ ಅಂಜಿಕಿ ಬರತೈತ್ರಿ.” ಅವರು ಕೂಡುವಷ್ಟರಲ್ಲಿ ಹೊಲದ ವಸ್ತಿಮನೆಯೊಂದರಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಕೂಸು ಅಡ್ಡ ತಿರುಗಿತ್ತು. ಬಿಟ್ಟು ಹೋಗದೆ ದಾರಿಯಿರಲಿಲ್ಲ. ಚಕ್ಕಡಿ ತಿರುಗುವಾಗ ನೋಡಿದೆ: ಕಟ್ಟೆಯ ಮೇಲೆ ಅವರು, ಪಕ್ಕದಲ್ಲಿ ಡಬ್ಬಿ.

ತಾಯಿ, ಕೂಸು ಇಬ್ಬರೂ ಉಳಿದರು. ಮರಳುವಾಗ ಹೊತ್ತು ಇಳಿದಿತ್ತು. ಅಕ್ಕೋರು ಬೇವಿನ ನೆರಳಲ್ಲಿ, ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದರು. ಕಣ್ಣುಗಳು ಕೆಂಪಗಾಗಿದ್ದವು.

“ಆರು ತಿಂದ್ನಿರಿ. ಏಳನೇದು ತೊಗೊಂಡಾಗ ಉಂಡಿ ಕಟ್ಟೋ ಅವ್ವನ ಕೈ ನೆನಪಾತು. ಇಟ್ಟುಬಿಟ್ಟೆ. ಕೈ ತೊಳಕೊಂಡು ಕುಂತೆ. ಅಳು ಬಂತು. ಅವ್ವ ಸತ್ತಾಗೂ ಅತ್ತಿದ್ದಿಲ್ರಿ ನಾ.” ಸೆರಗಿನಿಂದ ಕಣ್ಣೊರೆಸಿಕೊಂಡು, “ಈಗ ಒಳಗ ಸುಮ್ಮಗ ಐತ್ರಿ,” ಎಂದರು.

ಆಮೇಲೆಯೂ ಒಂದೆರಡು ಸಲ ಜಾರಿದರು. ಆದರೆ ಬಚ್ಚಿಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಅಲ್ಲಿ ಸೋದರತ್ತೆಯ ಮನೆಯಿತ್ತು. ಬಸ್ಸು ಹತ್ತುವಾಗ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಮೊದಲ ಸಲ ಕಂಡೆ.

ರೋಗಿ ಗುಣವಾಗಿ ಹೊರಟುಹೋಗುವುದೇ ನರ್ಸಿನ ಗೆಲುವು ಎಂದು ತರಬೇತಿಯಲ್ಲಿ ಹೇಳಿದ್ದರು. ಗೆದ್ದ ದಿನ ನರ್ಸಿನ ಕೋಣೆ ಎಷ್ಟು ಖಾಲಿಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅದನ್ನು ಕೆಲಸವೇ ಕಲಿಸಿತು. ಬಸ್ಸು ಹೋದ ಆ ಸಂಜೆ ನಮಾಜು ಮುಗಿದ ಮೇಲೂ ಚಾಪೆಯಿಂದ ಏಳಲು ಮನಸ್ಸಾಗಲಿಲ್ಲ.