ಒಂದು ಗೇಣಿನ ಕೊಳವೆ

ಬೀದರಿನ ಹಳೆಯ ಊರಿನಲ್ಲಿ ನೆಲದಡಿ ಎಂದರೆ ಎಲ್ಲರಿಗೂ ಸುರಂಗವೇ. ಕೋಟೆಯಿಂದ ಎಲ್ಲೆಲ್ಲಿಗೋ ದಾರಿಯಿತ್ತು, ಒಳಗೆ ಕುದುರೆ ಓಡುತ್ತಿತ್ತು ಎಂದು ಚಹಾದಂಗಡಿಯಲ್ಲಿ ಯಾರಾದರೂ ಹೇಳುತ್ತಲೇ ಇರುತ್ತಾರೆ. ನಾನು ಆಗ ಒಳಚರಂಡಿಯ ಕೊಳವೆಗಳಲ್ಲಿ ಕ್ಯಾಮೆರಾ ಓಡಿಸಿ, ಎಲ್ಲಿ ಕಟ್ಟಿಕೊಂಡಿದೆ, ಎಲ್ಲಿ ಒಡೆದಿದೆ ಎಂದು ನೋಡುವ ಕೆಲಸದಲ್ಲಿದ್ದೆ.

ಒಂದು ಬೆಳಿಗ್ಗೆ ಓಣಿ ಗುಡಿಸುತ್ತಿದ್ದ ಹೆಂಗಸು ನಮ್ಮ ವ್ಯಾನಿನ ಬಳಿ ಬಂದು ನಿಂತಳು. ಈ ಕ್ಯಾಮೆರಾಗಳು ಊರಿಗೆ ಬರುವ ಮುಂಚೆ ಅವಳ ಗಂಡ ಅಲ್ಲಿಯ ಮ್ಯಾನ್‌ಹೋಲಿಗೆ ಇಳಿದು ಸತ್ತಿದ್ದ. ಅವನನ್ನು ಇಳಿಸಿದ ಗುತ್ತಿಗೆದಾರ, ಒಳಗೆ ದಾರಿ ತಪ್ಪಿದ, ಬಲಕ್ಕೆ ಬರುವುದು ಬಿಟ್ಟು ಎಡಕ್ಕೆ ಹೋದ ಎಂದು ಮನೆಯವರಿಗೆ ಹೇಳಿದ್ದನಂತೆ. ಔರಾದಿನಲ್ಲಿದ್ದ ಅತ್ತೆ ಅದನ್ನು ನಂಬಿದ್ದಳು. ಮಗ ಕುಡಿದಿರಬೇಕು, ಸೊಸೆಯ ಜಗಳ ತಾಳದೆ ಕುಡಿದಿರಬೇಕು ಎಂದು ಕಾರಣವನ್ನೂ ಕಟ್ಟಿ, ಸೊಸೆಯನ್ನು ಹೊಸ್ತಿಲು ತುಳಿಯಲು ಬಿಟ್ಟಿರಲಿಲ್ಲ. ಇದನ್ನೆಲ್ಲ ಅವಳೇ ಹೇಳಿದಳೋ, ನಮ್ಮ ಡ್ರೈವರ್ ಹೇಳಿದನೋ, ಈಗ ಖಾತ್ರಿಯಿಲ್ಲ. ಅವಳ ಒಂದು ಮಾತು ಮಾತ್ರ ಕಿವಿಯಲ್ಲಿದೆ.

"ಎಡಕ್ಕ ದಾರಿ ಎಲ್ಲಿಗಿ ಹೋಗ್ತದ್ರೀ? ನನಗ ತೋರಿಸ್ರಿ."

ಕ್ಯಾಮೆರಾಕ್ಕೆ ಕಾಣಬೇಕಾದರೆ ಮೊದಲು ನೀರು ಹಾಯಿಸಿ ಕೊಳವೆ ತೊಳೆಯಬೇಕು. ತೊಳೆದು ಮುಗಿಯುವವರೆಗೂ ಅವಳು ಕದಲಲಿಲ್ಲ. ಆಮೇಲೆ ಕ್ಯಾಮೆರಾ ಹೊತ್ತ ಪುಟ್ಟ ಗಾಡಿ ಎಡಕ್ಕೆ ಹೊರಟಿತು. ಪರದೆಯ ಮೇಲೆ ಒದ್ದೆ ಗೋಡೆ, ಬಿರುಕಿನಿಂದ ಇಳಿಬಿದ್ದ ಬೇವಿನ ಬೇರು. ದಾರಿ ಎಲ್ಲಿ ಎಂದು ಕೇಳಿದಳು. ಇದೇ ಎಂದೆ. ಕೊಳವೆ ಎಷ್ಟಗಲ ಎಂದು ಗೇಣು ಹಾಕಿ ತೋರಿಸಿದೆ. ಬಲಕ್ಕೂ ಅಷ್ಟೇ.

ಅವಳು ಪರದೆ ಬಿಟ್ಟು ನನ್ನ ಕೈಯನ್ನೇ ನೋಡಿದಳು. "ಇದರಾಗ ಮನಶ್ಯಾ ಹ್ಯಾಂಗ ದಾರಿ ತಪ್ತಾನ್ರಿ?"

ಸಂಜೆ ಭಾಲ್ಕಿಯ ಮನೆಗೆ ಮರಳಿದಾಗ ನನಗೆ ಅನುಮಾನ ಹತ್ತಿತು: ಅವಳ ಗಂಡ ಇಳಿದದ್ದು ಅದೇ ಗುಂಡಿಯೋ, ಪಕ್ಕದ್ದೋ? ಮರುದಿನ ಹೋಗಿ ನೋಡಿದೆ. ಆ ಓಣಿಯ ಕೊಳವೆಗಳೆಲ್ಲ ಒಂದೇ ಅಳತೆಯವು. ಆ ಬೆಳಗಿನ ರೆಕಾರ್ಡಿಂಗನ್ನೂ ಮತ್ತೆ ಮತ್ತೆ ನೋಡಿದ್ದೇನೆ. ಅದರಲ್ಲಿ ಬೇರು ಇದೆ, ಅವಳಿಲ್ಲ.

ಆ ಬೆಳಿಗ್ಗೆ ನನ್ನ ಕೈಯ ಗೇಣು ನೋಡಿದ ಮೇಲೆ, ವ್ಯಾನಿನ ಬಳಿಯೇ ನಿಂತು ಅವಳು ಅತ್ತೆಗೆ ಫೋನು ಹಚ್ಚಿ ನನ್ನ ಕೈಗಿಟ್ಟಿದ್ದಳು. ತಪ್ಪುವುದಕ್ಕೆ ಅಲ್ಲಿ ದಾರಿಯೇ ಇರಲಿಲ್ಲ, ಇಂಥ ಗುಂಡಿಯ ತಳದಲ್ಲಿ ವಿಷಗಾಳಿ ಇರುತ್ತದೆ, ನಿಂತಲ್ಲೇ ಕುಸಿದಿರಬೇಕು ಎಂದೆ. ಅವನು ಕುಡಿದಿರಲಿಲ್ಲವೇ ಎಂದು ಮುದುಕಿ ಕೇಳಿದಳು. ಅದು ನನಗೆ ಗೊತ್ತಿಲ್ಲ, ಕುಡಿಯದವನೂ ಅಲ್ಲಿ ಸಾಯುತ್ತಿದ್ದ ಎಂದೆ.

"ಅಂದ್ರ ನನ್ನ ಮಗ ಎಲ್ಲಿನೂ ಹೋಗಿದ್ದಿಲ್ಲೇನ್ರಿ? ಅಲ್ಲೇ ನಿಂತಿದ್ದನೇನು?"

ಹೌದೆಂದೆ. ಫೋನು ಕಟ್ಟಾಯಿತು.

ಈಗ ಅತ್ತೆ ಮನೆಗೆ ಕರೆದಾರು ಎಂದು ನಾನು ಏನೋ ಸಮಾಧಾನ ಹೇಳಿದೆ. ಅವಳು ಫೋನನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಕರೀಬಹುದ್ರಿ. ಇಷ್ಟು ದಿನ ಆಕಿಗಿ ನನ್ನ ಮ್ಯಾಲ ಸಿಟ್ಟಾದ್ರೂ ಇತ್ತು. ಇನ್ನ ಏನ್ ಮಾಡ್ತಾಳೋ."